ಡೈನಮೈಟ್ ಬಿಡಿ, ಕಂಬದ ವಿಷಯ ಬರೆಯಿರಿ

ಬ್ರದರ್,

‘ಒಳ್ಳೆಯ ಪ್ರಸಂಗ ತಯಾರಿಸುವುದು ಹೇಗೆ’ ಅಂತ ಸಭೆಯಲ್ಲಿ ಮಾಡುವ ಉಪದೇಶದ ಬಗ್ಗೆ ನೀವು ಬರೆದ ಲೇಖನ ನಮ್ಮ ಪತ್ರಿಕೆಗೆ ಬಂತು. ಜೊತೆಗೆ ಮಾದರಿಗೆ ಅಂತ ಲೂಕ 15ರ ತಪ್ಪಿಹೋದ ಮಗನ ಮೇಲೆ, ಅಪ್ಪನ ಆಸ್ತಿಯಲ್ಲಿ ಪಾಲು ತಗೊಂಡು ಹೋಗಿ, ಹಾಳು ಮಾಡಿ, ಹಂದಿ ಮೇಯಿಸುವ ಗತಿಗೆ ಬಂದು ಮನೆಗೆ ತಿರುಗಿದವನ ಮೇಲೆ, ನೀವೇ ಮಾಡಿದ ಪ್ರಸಂಗವನ್ನೂ ಇಟ್ಟಿದ್ದೀರಿ. ಅಕ್ಷರ ಮುದ್ದಾಗಿದೆ. ವಚನಗಳ ಅಂಕಿ ಒಂದೂ ತಪ್ಪಿಲ್ಲ. ಕೇಳಿದ ದಿನಕ್ಕಿಂತ ಮೊದಲೇ ಕಳಿಸಿದ್ದೀರಿ, ಸಂತೋಷ. ಆದರೆ ಈ ಸಂಚಿಕೆಗೆ ಹಾಕಿಕೊಳ್ಳುತ್ತಿಲ್ಲ. ಯಾಕೆ ಅಂತ ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ, ಆಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೇ ಬಂದಿದೆ.

ಮೂರನೇ ಪುಟ ತೆಗೆಯಿರಿ. ನೀವು ಬರೆದಿರುವುದು ಹೀಗೆ: “ರೋಮಾಪುರದವರಿಗೆ 1:16ರಲ್ಲಿ ಶಕ್ತಿ ಅನ್ನುವುದಕ್ಕೆ ಗ್ರೀಕಿನಲ್ಲಿ ದುನಾಮಿಸ್ ಎಂಬ ಪದವಿದೆ. ಡೈನಮೈಟ್ ಎಂಬ ಹೆಸರು ಬಂದದ್ದು ಇದರಿಂದಲೇ. ಆದ್ದರಿಂದ ಸುವಾರ್ತೆಯು ದೇವರ ಡೈನಮೈಟ್ ಆಗಿದೆ.”

ಮೊದಲನೆಯ ವಾಕ್ಯ ಸರಿ. ಎರಡನೆಯದೂ ಸರಿ. ಆ ‘ಆದ್ದರಿಂದ’ ಇದೆಯಲ್ಲ, ಅಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಆಲ್ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ತೆಗೆದುಕೊಂಡದ್ದು 1867ರಲ್ಲಿ. ಅಷ್ಟು ಹೊತ್ತಿಗೆ ಪೌಲ ಆ ಪತ್ರ ಬರೆಸಿ ಹೆಚ್ಚುಕಡಿಮೆ 1800 ವರ್ಷ ಆಗಿತ್ತು. ಮೊಮ್ಮಗ ಕುಡಿಯುತ್ತಾನೆ ಅಂತ ತಾತನ ಬಾಯಿ ಮೂಸಿ ನೋಡಿದ ಹಾಗಾಯಿತು ಇದು. ಅದೂ ಹೋಗಲಿ, ಅದೇ ವಚನದಲ್ಲಿ ಪೌಲ ಆ ಶಕ್ತಿ ಯಾತಕ್ಕೆ ಅಂತಲೂ ಹೇಳಿದ್ದಾನೆ: ನಂಬುವವರ ರಕ್ಷಣೆಗೆ. ಡೈನಮೈಟ್ ಯಾರನ್ನು ರಕ್ಷಿಸಿದೆ? ಬೆಂಗಳೂರಿನ ಸುತ್ತಮುತ್ತ ಬಂಡೆ ಒಡೆದು ಬದುಕಿದ ಮನೆಗಳವರು ನಮ್ಮ ಸಭೆಗಳಲ್ಲಿ ಇದ್ದಾರೆ. ಆ ಹೆಸರು ಕೇಳಿದರೆ ಅವರಿಗೆ ನೆನಪಾಗುವುದು ಬೆರಳು ಕಳೆದುಕೊಂಡ ಅಪ್ಪ.

ಅದೇ ಪುಟದ ಕೆಳಗೆ: “ಆಗಾಪೆ ಎಂಬುದು ದೈವಿಕ ಪ್ರೀತಿಗೆ ಮಾತ್ರ ಬಳಸುವ ಪದ.” ಮಾತ್ರವಾ? 2 ತಿಮೊಥೆಯ 4:10 ನೋಡಿ. ಪೌಲನ ಜೊತೆಗಾರ ದೇಮ ಈ ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದ ಅಂತ ಇದೆ. ಗ್ರೀಕಿನಲ್ಲಿ ಅಲ್ಲಿರುವುದು ಆಗಾಪೆಯ ಕ್ರಿಯಾಪದವೇ. ಇನ್ನೂ ಬೇಕಾ? ಹಳೆಯ ಒಡಂಬಡಿಕೆಯ ಹಳೇ ಗ್ರೀಕ್ ಅನುವಾದದಲ್ಲಿ ದಾವೀದನ ಮಗ ಅಮ್ನೋನನಿಗೆ ಮಲತಂಗಿ ತಾಮಾರಳ ಮೇಲೆ ಹುಟ್ಟಿದ ‘ಪ್ರೀತಿ’ಗೂ ಅದೇ ಪದ ಹಾಕಿದ್ದಾರೆ. ಆ ಪ್ರೀತಿ ಬಲಾತ್ಕಾರಕ್ಕೆ ಹೋಗಿ ಮುಟ್ಟಿತು ಅಂತ ನಿಮಗೆ ಗೊತ್ತು. ಇದನ್ನೆಲ್ಲ ನೀವು ಗ್ರೀಕ್ ಕಲಿತು ಬರೆದಿಲ್ಲ, ಯಾರದೋ ಯೂಟ್ಯೂಬ್ ಪ್ರಸಂಗದಿಂದ ಎತ್ತಿಕೊಂಡಿದ್ದೀರಿ. ತಪ್ಪು ಅಂತಲ್ಲ, ಎಲ್ಲರೂ ಎತ್ತಿಕೊಳ್ಳುತ್ತಾರೆ. ಆದರೆ ಪೀಠದಲ್ಲಿ ನಿಂತು ‘ಗ್ರೀಕಿನಲ್ಲಿ ಏನಿದೆ ಗೊತ್ತಾ’ ಅಂದ ಕೂಡಲೇ ಕೆಳಗೆ ಕೂತ ಅಜ್ಜಿ ತನ್ನ ಮಡಿಲಲ್ಲಿರುವ ಕನ್ನಡ ಸತ್ಯವೇದದ ಮೇಲೆ ಒಂದು ಸಣ್ಣ ಅನುಮಾನ ಇಟ್ಟುಕೊಂಡು ಮನೆಗೆ ಹೋಗುತ್ತಾಳೆ. ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 19ನೇ ಶತಮಾನದ ಶುರುವಿನಲ್ಲಿ ಬಳ್ಳಾರಿಯ ಬಿಸಿಲಲ್ಲಿ ವರ್ಷಗಟ್ಟಲೆ ಕೂತು ಅದನ್ನು ಕನ್ನಡಕ್ಕೆ ತಂದದ್ದು ಇದಕ್ಕಾ?

ಇನ್ನು ಪ್ರಸಂಗದ ಮೂರು ತಲೆಬರಹ. ತೊರೆದನು, ತಿರುಗಿದನು, ತಲುಪಿದನು. ‘ತ’ ಚೆನ್ನಾಗಿ ಕೂತಿದೆ. ಆದರೆ ಮಗ ಇನ್ನೂ ದೂರ ಇರುವಾಗಲೇ ಅಪ್ಪ ಓಡಿಬಂದನಲ್ಲ, ಅದು ಎಲ್ಲಿ? ಆರು ಪುಟ ಹುಡುಕಿದೆ, ಇಲ್ಲ. ‘ಓಡಿದನು’ ಅನ್ನುವುದು ‘ತ’ದಿಂದ ಶುರುವಾಗುವುದಿಲ್ಲ ಅಂತ ಬಿಟ್ಟಿರಾ? ಇಡೀ ಕಥೆ ನಿಂತಿರುವುದೇ ಆ ಓಟದ ಮೇಲೆ ಅಲ್ವಾ?

ಒಂದು ಕೆಲಸ ಮಾಡಿ. 18, 19ನೇ ವಚನದ ಪಕ್ಕದಲ್ಲಿ 21ನೇ ವಚನ ಇಟ್ಟು ಓದಿ. ಹಂದಿಗಳ ಮಧ್ಯೆ ಕೂತ ಮಗ ಮೂರು ಮಾತು ತಯಾರು ಮಾಡಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ಇಲ್ಲ, ಕೂಲಿಯವನ ಹಾಗೆ ಇಟ್ಟುಕೋ. ಮನೆ ಹತ್ತಿರ ಬಂದು ಎರಡು ಹೇಳುತ್ತಾನೆ. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಒಳ್ಳೇ ನಿಲುವಂಗಿ ತನ್ನಿ ಅಂತಿದ್ದಾನೆ. ಇದನ್ನು ಕಾಣಲು ಗ್ರೀಕ್ ಬೇಡ. ಪುಟದ ಮೇಲೆ ಬೆರಳಿಟ್ಟು ಓದಿದರೆ ಸಾಕು.

ಇಷ್ಟು ಬೈಯುವುದಕ್ಕೆ ಕಾರಣ ಇದೆ. ನನ್ನ ಮೊದಲನೇ ಪ್ರಸಂಗವೂ ಇದೇ ಅಧ್ಯಾಯದ ಮೇಲೆ, ಮಾಗಡಿ ರಸ್ತೆ ಕಡೆಯ ಒಂದು ಚಿಕ್ಕ ಸಭೆಯಲ್ಲಿ. 11 ಹಾಳೆ ಬರೆದಿದ್ದೆ. ಹಂದಿ ತಿನ್ನುವ ಕಾಯಿ ಯಾವ ಮರದ್ದು ಅನ್ನುವುದಕ್ಕೇ ಎರಡು ಹಾಳೆ! ಹೊತ್ತು ಮೀರಿತು, ಅಪ್ಪ ಕೊಬ್ಬಿದ ಕರು ಕೊಯ್ಸಿ ಊಟ ಹಾಕಿಸುವ ತನಕ ಹೋಗಲೇ ಇಲ್ಲ. ಬಾಗಿಲಲ್ಲಿ ಒಬ್ಬ ಅಜ್ಜಿ ಕೈ ಹಿಡಿದುಕೊಂಡು ಕೇಳಿದರು: “ಚೆನ್ನಾಗಿ ಓದಿದೆ ಮಗ. ಆ ಹುಡುಗ ಕೊನೆಗೆ ಊಟ ಮಾಡಿದ್ನಾ?”

ಮುಂದಿನ ಸಲ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಶನಿವಾರ ಸಂಜೆಯೇ ಮನೆಗೆ ಕರೆಸಿದರು. ತಾವು ಕೇಳಲಿಲ್ಲ. ಅಡುಗೆಮನೆಯಲ್ಲಿ ಅವರ ಹೆಂಡತಿ, ಅಮ್ಮನವರು, ನೆನೆಸಿದ ಅವರೆಕಾಳು ಹಿತಕುತ್ತಿದ್ದರು, “ಅವರಿಗೆ ಓದಿ ಹೇಳು” ಅಂದರು. ನಾನು ಓದುತ್ತಾ ಹೋದೆ. ಬೇಳೆ ಪಾತ್ರೆಗೆ ಟಪ್ ಟಪ್ ಅಂತ ಬೀಳುತ್ತಲೇ ಇತ್ತು, ಹಾಳೆ ಮೇಲೆ ಹಾಳೆ. ಅದೇ ಅಧ್ಯಾಯದಲ್ಲಿ ದೀಪ ಹಚ್ಚಿ, ಪೊರಕೆ ಹಿಡಿದು ಕಾಸು ಹುಡುಕುವ ಹೆಂಗಸಿನ ಬಗ್ಗೆ, ನಮ್ಮಮ್ಮ ಒಂದು ಸಲ ಮೂಗುಬೊಟ್ಟು ಹುಡುಕಿದ್ದನ್ನು ಸೇರಿಸಿ ಬರೆದಿದ್ದೆ. ಅಲ್ಲಿ ಟಪ್ ಟಪ್ ನಿಂತಿತು. “ಸಿಕ್ತಾ?” ಅಂದರು ಅಮ್ಮನವರು. ಅಯ್ಯನವರು ಕೆಂಪು ಪೆನ್ಸಿಲ್ ಕೊಟ್ಟು ಉಳಿದದ್ದನ್ನು ಹೊಡೆದುಹಾಕು ಅಂದರು. ಹೊಟ್ಟೆ ಉರಿಯಿತು, ಹೊಡೆದೆ. 11 ಹಾಳೆ ನಾಲ್ಕಾಯಿತು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ನೀವು ಲೈನ್‌ಮನ್ ಅಂತೆ, ಶನಿವಾರ ರಾತ್ರಿ ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೆ ಪ್ರಸಂಗದ ತಯಾರಿ ಅರ್ಧಕ್ಕೇ ನಿಲ್ಲುತ್ತದಂತೆ. ಅಲ್ಲ ಬ್ರದರ್, ದಿನಾ 11 ಕೆವಿ ಲೈನ್ ಕೆಳಗೆ ನಿಂತು, ಲೈನ್ ಕ್ಲಿಯರ್, ಅಂದರೆ ಕರೆಂಟ್ ನಿಲ್ಲಿಸಿದೆ ಅನ್ನುವ ಒಪ್ಪಿಗೆ, ಸಿಗುವ ತನಕ ಕಂಬ ಮುಟ್ಟದೆ ಕಾಯುವ ಮನುಷ್ಯ ಶಕ್ತಿಯ ವಿಷಯ ಹೇಳಲು ನೊಬೆಲ್‌ನ ಹತ್ತಿರ ಹೋಗಬೇಕಾ? ಹಾಗಂತ ‘ಕರೆಂಟ್ ಅಂದರೆ ಪವಿತ್ರಾತ್ಮ’ ಅಂತ ಶುರು ಮಾಡಬೇಡಿ, ಅದನ್ನೂ ವಾಪಸ್ ಕಳಿಸುತ್ತೇನೆ.

ನೀವು ಸೇರಿಸಿರುವ ಹಿಮ ಬೀಳುವ ರಾತ್ರಿಯ ಕಥೆ ಬಗ್ಗೆ ಮಾತೇ ಆಡುವುದಿಲ್ಲ, ಸುಮ್ನೆ ತೆಗೆದುಬಿಡಿ. ಲೇಖನ 900 ಪದ ಮೀರದಿರಲಿ. ಮುಂದಿನ ತಿಂಗಳು 10ರೊಳಗೆ ಬಂದರೆ ಮಳೆಗಾಲದ ಸಂಚಿಕೆಗೆ ಆಗುತ್ತದೆ. ಕಳಿಸುವ ಮೊದಲು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ, ಅವರ ಕೈಯಲ್ಲಿ ಏನಾದರೂ ಕೆಲಸ ಇರುವ ಹೊತ್ತಿನಲ್ಲಿ.