ವರ್ಕ್‌ಶಾಪ್ ಪ್ರಶ್ನೋತ್ತರ: ಅರ ಹಾಕುವುದು ವ್ಯರ್ಥವೇ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ತೋಟದಲ್ಲಿ ಪಂಪ್‌ಸೆಟ್ ಕೆಟ್ಟರೂ ಬಿಚ್ಚಿಕೊಂಡು ಕೂರುವವನು. ಹರಿಹರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಬಿಡಿಭಾಗ ತಯಾರಿಸುವ ಅಚ್ಚು-ಉಪಕರಣ ಮಾಡುವ ಕೋರ್ಸ್, ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ‘ಅಲ್ಲಿ ಮೊದಲು ವಾರಗಟ್ಟಲೆ ಕಬ್ಬಿಣಕ್ಕೆ ಅರ ಹಾಕಿಸುತ್ತಾರೆ. ಎಲ್ಲವನ್ನೂ ಕಂಪ್ಯೂಟರ್ ಯಂತ್ರವೇ ಕತ್ತರಿಸುವ ಕಾಲದಲ್ಲಿ ಇದು ವ್ಯರ್ಥ, ಪಿಯುಸಿಗೆ ಸೇರಿಸು’ ಎಂದು ನನ್ನ ತಮ್ಮ ಹೇಳುತ್ತಾನೆ. ಏನು ಮಾಡಲಿ?
— ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಅರ ಹಾಕಿಸುತ್ತಾರೆ ಎಂಬುದು ನಿಜ. ವ್ಯರ್ಥ ಎಂಬುದನ್ನು ನಾನು ಒಪ್ಪುವುದಿಲ್ಲ. ಟೂಲ್‌ರೂಮಿನಲ್ಲಿಯೇ ಕೂದಲು ನರೆತವನು ನಾನು. ಹೊಸದಾಗಿ ಬಂದ ಹುಡುಗನಿಗೆ ಕೆಲಸ ಬರುತ್ತದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಇಂದಿಗೂ ವೈಸ್ (ತುಂಡನ್ನು ಬಿಗಿಹಿಡಿಯುವ ಸಾಧನ) ಮುಂದೆ ನಿಲ್ಲಿಸಿ, ಕೈಗೆ ಅರ ಕೊಟ್ಟು ನೋಡುತ್ತೇನೆ.

ಆ ದಿನಗಳಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ ಕೇಳಿ. ಒಂದು ಮೈಲ್ಡ್ ಸ್ಟೀಲ್ ತುಂಡನ್ನು ಕೊಟ್ಟು, ಒಂದು ಮುಖವನ್ನು ಸಪಾಟು ಮಾಡು, ಪಕ್ಕದ ಮುಖವನ್ನು ಅದಕ್ಕೆ ಲಂಬವಾಗಿ ತಾ ಎನ್ನುತ್ತಾರೆ. ಕೇಳಲು ಸುಲಭ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಒತ್ತಬಾರದು. ತಳ್ಳಲು ಶುರುಮಾಡಿದಾಗ ಭಾರ ಎಡಗೈಯಲ್ಲಿ ಹೆಚ್ಚಿರಬೇಕು, ಮುಗಿಯುವಷ್ಟರಲ್ಲಿ ಬಲಗೈಗೆ ಬಂದಿರಬೇಕು. ಈ ಬದಲಾವಣೆ ಕೈಗೆ ಬಾರದಿದ್ದರೆ ಅರ ತೂಗಾಡಿ ಎರಡು ಅಂಚುಗಳೂ ಸವೆಯುತ್ತವೆ, ನಡುವೆ ಹೊಟ್ಟೆ ಉಳಿಯುತ್ತದೆ. ಲಂಬ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ಆ ಹೊಟ್ಟೆಯ ಎರಡೂ ಕಡೆ ಬೆಳಕು ನುಸುಳುತ್ತದೆ. ಮತ್ತೆ ಅರ, ಮತ್ತೆ ಸ್ಕ್ವೇರ್. ಬೆಳಕಿನ ಗೆರೆ ಮಾಯವಾದ ಮೇಲೆ ತೀರಾ ಸಪಾಟಾದ ಸರ್ಫೇಸ್ ಪ್ಲೇಟಿಗೆ ತೆಳುವಾಗಿ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಸವರಿ, ತುಂಡನ್ನು ಅದರ ಮೇಲೆ ಉಜ್ಜಿ ನೋಡಬೇಕು. ಉಬ್ಬಿದ ಜಾಗಗಳಿಗಷ್ಟೇ ನೀಲಿ ಅಂಟುತ್ತದೆ. ಸ್ಕ್ವೇರ್ ಕೂಡ ತೋರಿಸದ ತಪ್ಪನ್ನು ಈ ನೀಲಿ ತೋರಿಸುತ್ತದೆ.

ಹೀಗೆ ತನ್ನ ತಪ್ಪನ್ನು ತಾನೇ ಕಂಡುಕೊಂಡು ತಿದ್ದುವುದನ್ನು ಹುಡುಗ ಕಲಿಯುತ್ತಾನೆ. ಮುಂದೆ ಅವನು ಯಾವ ಯಂತ್ರದ ಮುಂದೆ ನಿಂತರೂ ಇದು ಬೇಕು. ಹಾಳೆಯನ್ನು ಒತ್ತಿ ಕತ್ತರಿಸುವ ಒಂದು ಪ್ರೆಸ್ ಟೂಲ್ ಮಾಡುತ್ತಾನೆ ಎಂದುಕೊಳ್ಳಿ. ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ಹಾಳೆಯಲ್ಲಿ ತೂತು ಹೊಡೆಯಬೇಕಾದರೆ ಮೇಲಿನಿಂದ ಒತ್ತುವ ಪಂಚ್‌ಗೂ ಕೆಳಗೆ ಅದನ್ನು ಒಳಗೆ ಬಿಟ್ಟುಕೊಳ್ಳುವ ಡೈಗೂ ನಡುವೆ ಪ್ರತಿ ಬದಿಯಲ್ಲಿ ಸುಮಾರು 0.05 ಮಿಲಿಮೀಟರ್ ಸಂದು ಬಿಡಬೇಕಾಗುತ್ತದೆ. ತಂತಿಯಿಂದ ಲೋಹ ಕತ್ತರಿಸುವ ವೈರ್ ಕಟ್ ಯಂತ್ರ ಆ ಆಕಾರವನ್ನು ಚೆನ್ನಾಗಿಯೇ ಕತ್ತರಿಸಿ ಕೊಡುತ್ತದೆ. ಆದರೆ ಜೋಡಿಸಿ ಪ್ರೆಸ್‌ಗೆ ಏರಿಸಿದಾಗ ತೂತಿನ ಒಂದೇ ಪಕ್ಕದಲ್ಲಿ ಬರ್ (ಚೂಪಾದ ಅಂಚು) ಎದ್ದರೆ? ಪಂಚ್ ಓರೆಯಾಗಿದೆಯೇ, ಗೈಡ್ ಪಿಲ್ಲರ್ ಸಡಿಲವೇ, ಡೈ ಸರಿದಿದೆಯೇ? ಇದನ್ನು ಪತ್ತೆ ಮಾಡುವವನೇ ಟೂಲ್‌ಮೇಕರ್. ಆ ಒಂದು ಟೂಲ್‌ನಿಂದ ಲಕ್ಷಾಂತರ ಬಿಡಿಭಾಗಗಳು ಹೊರಬರಬೇಕು. ಆದ್ದರಿಂದಲೇ ಈ ಕಸುಬಿಗೆ ಬೆಲೆ.

ಇನ್ನು ಸಂಸ್ಥೆಯ ವಿಷಯ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಹರಿಹರ, ಹಾಸನ, ಬೆಳಗಾವಿ, ಕೂಡಲಸಂಗಮ ಮೊದಲಾದ ಕಡೆ ಶಾಖೆಗಳಿವೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಂತರ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕಲಿಸುವುದರ ಜೊತೆಗೆ ಹೊರಗಿನ ಗಿರಾಕಿಗಳ ಟೂಲ್‌ಗಳನ್ನೂ ಮಾಡಿಕೊಡುವ ಸಂಸ್ಥೆ ಅದು. ನಿಜವಾದ ಕೆಲಸ ನಡೆಯುವ ಕಡೆ ಇರುವುದೇ ಹುಡುಗನಿಗೆ ದೊಡ್ಡ ಪಾಠ. ಮುಂದೆ ಎಂಜಿನಿಯರಿಂಗ್ ಓದಬೇಕೆನಿಸಿದರೆ ಡಿಪ್ಲೊಮಾ ಮಾಡಿದವರಿಗೆ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶವಿದೆ ಎಂದು ನಿಮ್ಮ ತಮ್ಮನಿಗೆ ಹೇಳಿ.

ಸೇರಿಸುವ ಮೊದಲು ಮಗನೊಂದಿಗೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಕಟ್ಟಡ ನೋಡಬೇಡಿ. ಹುಡುಗರು ಮಾಡಿದ ತುಂಡುಗಳನ್ನು ಯಾರಾದರೂ ಅಳೆದು, ಅಂಕ ಹಾಕಿ, ಎಲ್ಲಿ ತಪ್ಪಿದೆ ಎಂದು ತೋರಿಸುತ್ತಾರೆಯೇ ಎಂದು ಕೇಳಿ. ನನ್ನ ಪ್ರಕಾರ ಬೇರೆಲ್ಲ ಪ್ರಶ್ನೆಗಳೂ ಇದರ ನಂತರ. ಹಟ ಹಿಡಿದ ಮಗನನ್ನು ತಡೆಯಬೇಡಿ ತಾಯಿ.

ಪ್ರಶ್ನೆ: ಐಟಿಐ ಟರ್ನರ್ ಮುಗಿಸಿ ಪೀಣ್ಯದ ಒಂದು ಕಂಪನಿಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ಆಗಿದ್ದೇನೆ. ಕೆಲವು ತಿಂಗಳಿಂದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ಗೆ ತುಂಡು ಹಾಕುವುದು, ತೆಗೆಯುವುದು ಬಿಟ್ಟರೆ ಬೇರೇನೂ ಇಲ್ಲ. ಯಾರೂ ಕಲಿಸುವುದಿಲ್ಲ. ಶಿಫ್ಟ್ ಮುಗಿದ ಮೇಲೂ ನಿಲ್ಲಿಸಿಕೊಳ್ಳುತ್ತಾರೆ. ಬಿಟ್ಟು ಊರಿಗೆ ಹೋಗಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ಸಿಟ್ಟು ಬಂತು, ನಿಮ್ಮ ಮೇಲಲ್ಲ. ಕಲಿಯಲು ಬಂದ ಹುಡುಗನನ್ನು ಅಗ್ಗದ ಕೂಲಿಯಾಗಿ ಬಳಸುವುದು ಈ ಕಸುಬಿಗೆ ಮಾಡುವ ದ್ರೋಹ.

ಮೊದಲು ಕಾನೂನು ತಿಳಿದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೀವು ತರಬೇತಿ ಪಡೆಯುವವರು. ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಇಲ್ಲದೆ ನಿಮ್ಮಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ನಿಮ್ಮ ಕಲಿಕೆಯ ಪ್ರಗತಿಯ ದಾಖಲೆ ಇಡುವುದು ಮಾಲೀಕರ ಹೊಣೆ. ಒಪ್ಪಂದದ ಬಗ್ಗೆ ವಿವಾದ ಬಂದರೆ ಆ ಅಧಿಕಾರಿಗೇ ಬರೆಯಬಹುದು. ಒಪ್ಪಂದ ನೋಂದಣಿಯಾಗಿದೆಯೇ ಎಂದು ಇವತ್ತೇ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿ. 2019ರಲ್ಲಿ ತಿದ್ದಿದ ನಿಯಮಗಳು ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿದ್ದವು. ಅದಕ್ಕಿಂತ ಕಡಿಮೆ ಕೊಡುತ್ತಿದ್ದರೆ ಅದನ್ನೂ ಬರೆಯಿರಿ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆ ಆಸೆ ತೋರಿಸಿ ಶಿಫ್ಟ್ ಮೇಲೆ ಶಿಫ್ಟ್ ನಿಲ್ಲಿಸಿಕೊಳ್ಳುವವರನ್ನು ನಂಬಬೇಡಿ.

ಆದರೂ ಬ್ಯಾಗ್ ಕಟ್ಟಿಕೊಂಡು ಊರಿಗೆ ಹೋಗಬೇಡಿ. ಪರೀಕ್ಷೆ ಪಾಸು ಮಾಡಿದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಬೆಲೆ ಇದೆ. ಸಾರ್ವಜನಿಕ ವಲಯದ ಕಾರ್ಖಾನೆಗಳು ತಂತ್ರಜ್ಞರನ್ನು ತೆಗೆದುಕೊಳ್ಳುವಾಗ ಐಟಿಐ ಜೊತೆಗೆ ಅದನ್ನೂ ಕೇಳುವುದು ಸಾಮಾನ್ಯ. ಉಳಿದ ತಿಂಗಳುಗಳನ್ನು ಹೀಗೆ ಬಳಸಿ. ಹೊರಬಂದ ತುಂಡನ್ನು ಟ್ರೇಗೆ ಹಾಕುವ ಮುನ್ನ ನೀವೇ ಅಳೆಯಿರಿ, ವೇಳೆಯೊಂದಿಗೆ ಪುಸ್ತಕದಲ್ಲಿ ಬರೆಯಿರಿ. ಹತ್ತಿಪ್ಪತ್ತು ತುಂಡುಗಳಾದ ಮೇಲೆ ವ್ಯಾಸ ನಿಧಾನವಾಗಿ ಏರುವುದು ಕಾಣುತ್ತದೆ, ಕತ್ತರಿಸುವ ತುದಿಯಾದ ಇನ್‌ಸರ್ಟ್ ಸವೆಯುತ್ತಿದೆ ಎಂದರ್ಥ. ಆಗ ಯಂತ್ರ ಹೊಂದಿಸುವ ಸೆಟ್ಟರ್ ಬಂದು ವೇರ್ ಆಫ್‌ಸೆಟ್‌ನಲ್ಲಿ (ಸವೆತವನ್ನು ಸರಿದೂಗಿಸುವ ಲೆಕ್ಕದಲ್ಲಿ) ಒಂದು ಅಂಕಿ ಬದಲಿಸುತ್ತಾನೆ. ಎಷ್ಟು ಬದಲಿಸಿದ, ಮುಂದಿನ ತುಂಡಿನ ಅಳತೆ ಎಷ್ಟು ಬಂತು ಎಂದು ಅದನ್ನೂ ಬರೆಯಿರಿ. ಪರದೆಯ ಮೇಲಿನ ಪ್ರೋಗ್ರಾಮನ್ನು ದಿನಕ್ಕೆ ನಾಲ್ಕೈದು ಸಾಲು ನಕಲು ಮಾಡಿ, ಡ್ರಾಯಿಂಗ್ ಪಕ್ಕದಲ್ಲಿಟ್ಟು, ಪ್ರತಿ ಸಾಲಿಗೆ ಟೂಲ್ ಎಲ್ಲಿಗೆ ಹೋಗುತ್ತದೆ ಎಂದು ಗುರುತು ಹಾಕಿ.

ಆಮೇಲೆ ಸೆಟ್ಟರ್ ಬಳಿ ಹೋಗಿ. ‘ನನಗೆ ಕಲಿಸಿ’ ಎಂದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ‘ನಿನ್ನೆ ಊಟದ ನಂತರ 0.02 ಕಡಿಮೆ ಮಾಡಿದಿರಲ್ಲ, ಏಕೆ?’ ಎಂದು ಪುಸ್ತಕ ತೋರಿಸಿ ಕೇಳಿದರೆ ಒಳ್ಳೆಯ ಕೆಲಸಗಾರ ಉತ್ತರ ಕೊಡದೆ ಇರಲಾರ. ನನ್ನ ಕೈಕೆಳಗೆ ಬೆಳೆದ ಉತ್ತಮ ಹುಡುಗರೆಲ್ಲ ಇಂಥ ಪ್ರಶ್ನೆಗಳನ್ನು ಹಿಡಿದೇ ಬಂದವರು. ಇಷ್ಟೆಲ್ಲ ಮಾಡಿಯೂ ಬದಲಾಗದಿದ್ದರೆ ಸಲಹಾಧಿಕಾರಿಗೆ ಬರೆಯುವಾಗ ಆ ಪುಸ್ತಕವೇ ನಿಮ್ಮ ಸಾಕ್ಷಿ.

ಪ್ರಶ್ನೆ: ಹುಡುಗಿಯರಿಗೆ ಟೂಲ್‌ರೂಮ್ ಕೆಲಸ ಆಗುತ್ತದೆಯೇ? ಭಾರ ಎತ್ತಬೇಕು, ಕೂದಲು ಸಿಕ್ಕಿಕೊಳ್ಳುತ್ತದೆ ಎಂದು ಮನೆಯವರು ಹೆದರಿಸುತ್ತಾರೆ. ಕೈಗೆ ಗ್ಲೌಸ್ ಹಾಕಿಕೊಂಡರೆ ಸಾಕೇ?
— ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಆಗುತ್ತದೆ. ಲೇತ್‌ನಲ್ಲಿ ತುಂಡು ಹಿಡಿಯುವ ಭಾರವಾದ ಚಕ್ಕನ್ನು, ಡೈ ಸೆಟ್ಟನ್ನು ಗಂಡಸರೂ ಒಬ್ಬರೇ ಎತ್ತಬಾರದು, ಅದಕ್ಕೆ ಹಾಯ್ಸ್ಟ್ ಇದೆ. ಕೂದಲಿನ ಮಾತು ಮಾತ್ರ ನೂರಕ್ಕೆ ನೂರು ಸರಿ. ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಿ. ದುಪಟ್ಟಾ, ಬಳೆ, ಉಂಗುರ ಯಾವುದೂ ಬೇಡ. ಹುಡುಗರಿಗೂ ಇದೇ ಮಾತು: ಕೈಯಲ್ಲಿ ಕಟ್ಟಿದ ದಾರ, ಗುಂಡಿ ಹಾಕದ ತೋಳು ಎರಡೂ ಬೇಡ.

ಲೇತ್ ಅಥವಾ ಡ್ರಿಲ್ಲಿಂಗ್ ಯಂತ್ರ ತಿರುಗುತ್ತಿರುವಾಗ ಗ್ಲೌಸ್ ಹಾಕಲೇಬೇಡಿ. ಬಟ್ಟೆಯ ಒಂದು ಎಳೆ ಸಿಕ್ಕಿದರೂ ಯಂತ್ರ ಕೈಯನ್ನು ಎಳೆದುಕೊಳ್ಳುತ್ತದೆ. ಸುರುಳಿ ಚೂರುಗಳನ್ನು ಯಂತ್ರ ನಿಲ್ಲಿಸಿ, ಕೊಕ್ಕೆಯಿಂದ ಇಲ್ಲವೇ ಬ್ರಷ್‌ನಿಂದ ತೆಗೆಯಿರಿ. ಚಕ್ ಕೀಯನ್ನು ಚಕ್ಕಿನಲ್ಲಿಯೇ ಬಿಟ್ಟು ಕೈ ತೆಗೆಯಬೇಡಿ, ಒಂದು ಕ್ಷಣಕ್ಕೂ ಬೇಡ. ಕನ್ನಡಕ ಯಾವಾಗಲೂ ಇರಲಿ. ಹಾಸನದಲ್ಲಿ ಜಿಟಿಟಿಸಿ ಇದೆ, ಹಾಸ್ಟೆಲ್ ಬಗ್ಗೆ ವಿಚಾರಿಸಿ ಅರ್ಜಿ ಹಾಕಿ.

ಪ್ರಶ್ನೆ: 25 ಮಿಲಿಮೀಟರ್ ಶಾಫ್ಟ್‌ಗೆ ಜಿ6 ಫಿಟ್ ಕೊಟ್ಟಿದ್ದರು. ಲೇತ್ ಮೇಲೆಯೇ ಅಳೆದಾಗ 24.990 ಬಂತು. ಮರುದಿನ ತಪಾಸಣೆಯಲ್ಲಿ ತುಂಡು ರಿಜೆಕ್ಟ್ ಆಯಿತು. ಮೈಕ್ರೋಮೀಟರ್ ಕೆಟ್ಟಿದೆಯೇ?
— ಟರ್ನರ್ ಟ್ರೇಡ್ ವಿದ್ಯಾರ್ಥಿ, ಗೋಕಾಕ

ಉತ್ತರ: ಮೈಕ್ರೋಮೀಟರ್ ಸರಿಯಾಗಿರಬಹುದು, ತುಂಡು ಬಿಸಿಯಾಗಿತ್ತು. 25ಕ್ಕೆ ಜಿ6 ಎಂದರೆ ವ್ಯಾಸ 24.980ರಿಂದ 24.993 ಮಿಲಿಮೀಟರ್‌ವರೆಗೆ ಇರಬಹುದು, ನಿಮಗೆ ಸಿಗುವ ಜಾಗ ಬರೀ 13 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಕತ್ತರಿಸುವಾಗ ತುಂಡು ಕೋಣೆಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 25 ಮಿಲಿಮೀಟರ್ ವ್ಯಾಸ ಸುಮಾರು 11.5 ಮೈಕ್ರಾನ್ ಉಬ್ಬಿರುತ್ತದೆ. ತಣಿದ ಮೇಲೆ 24.990 ಇದ್ದದ್ದು 24.978ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಕೆಳಗಿನ ಮಿತಿಗಿಂತ ಕೆಳಗೆ. ಅಳತೆಗೆ ಜಗತ್ತಿನಾದ್ಯಂತ ಒಪ್ಪಿದ ಉಷ್ಣತೆ 20 ಡಿಗ್ರಿ. ನಿಮ್ಮ ವರ್ಕ್‌ಶಾಪ್‌ನಲ್ಲಿ ಅಷ್ಟು ತಂಪು ಸಿಗಲಿಕ್ಕಿಲ್ಲ, ಆದರೂ ತುಂಡು ಮತ್ತು ಮೈಕ್ರೋಮೀಟರ್ ಎರಡೂ ಒಂದೇ ಉಷ್ಣತೆಗೆ ಬರುವವರೆಗೆ ಕಾಯಿರಿ. ಕೊನೆಯ ಸುತ್ತಿಗೆ ಮುಂಚೆ ಕೂಲಂಟ್ ಬಿಟ್ಟು ತಣಿಸಿ, ಆಮೇಲೆ ಅಳೆದು, ಆಮೇಲೆ ಕತ್ತರಿಸಿ.

ಪ್ರಶ್ನೆ: ಮೊದಲ ಸ್ಟೈಪೆಂಡ್ ಬಂದಿದೆ. ಸ್ವಂತಕ್ಕೆ ಯಾವ ಉಪಕರಣ ಕೊಳ್ಳಲಿ?
— ಫಿಟ್ಟರ್ ಅಪ್ರೆಂಟಿಸ್, ಹುಬ್ಬಳ್ಳಿ

ಉತ್ತರ: ಮೊದಲು ಮನೆಗೆ ಕಳಿಸಿ. ಉಳಿದದ್ದರಲ್ಲಿ ಒಂದು ಆರಿಂಚಿನ ಸ್ಟೀಲ್ ರೂಲ್, ಒಳ್ಳೆಯದೊಂದು ಸ್ಕ್ರೈಬರ್ ತೆಗೆದುಕೊಳ್ಳಿ. 0–25ರ ಮೈಕ್ರೋಮೀಟರ್‌ಗೆ ಕೆಲವು ತಿಂಗಳು ಹಣ ಕೂಡಿಸಿ, ಹೆಸರಿರುವ ಕಂಪನಿಯದನ್ನೇ ಕೊಳ್ಳಿ. ಅದು ಬಂದ ಮೇಲೆ ಪ್ರತಿ ಬಾರಿ ಮುಖಗಳನ್ನು ಒರೆಸಿ ಸೊನ್ನೆ ನೋಡಿಯೇ ಅಳೆಯಿರಿ, ಕೊನೆಯಲ್ಲಿ ರ್‍ಯಾಚೆಟ್‌ನಿಂದಲೇ ತಿರುಗಿಸಿ. ಪೆಟ್ಟಿಗೆಯಲ್ಲಿ ಇಡುವಾಗ ಎರಡು ಮುಖಗಳ ನಡುವೆ ಸ್ವಲ್ಪ ಜಾಗ ಬಿಡಿ, ಒತ್ತಿ ಮುಚ್ಚಿದರೆ ತುಕ್ಕು ಹಿಡಿಯುತ್ತದೆ.