ಚಾಪ್ ಸಾ ಆಮೇಲೆ, ಮೊದಲು ವೈಸ್

ಪ್ರಶ್ನೆ: ಮನೆಯ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಪೈಪು, ಪಟ್ಟಿ ಕತ್ತರಿಸಿ ಹೂಕುಂಡದ ಸ್ಟ್ಯಾಂಡ್ ಮಾಡುವ ಆಸೆ. ಚಾಪ್ ಸಾ (ಮೇಲಿನಿಂದ ಇಳಿಸಿ ಲೋಹ ಕತ್ತರಿಸುವ, ನೆಲದ ಮೇಲಿಡುವ ಯಂತ್ರ) ಕೊಳ್ಳಲೇ, ಗ್ರೈಂಡರ್ (ಡಿಸ್ಕ್ ತಿರುಗಿಸಿ ಕತ್ತರಿಸುವ ಕೈಯಂತ್ರ) ಸಾಕೇ?
– ಓದುಗರು, ಮಲ್ಪೆ

ಉತ್ತರ: ಎರಡಕ್ಕೂ ಮೊದಲು ಒಂದು ಗಟ್ಟಿ ವೈಸ್, ಅಂದರೆ ಮೇಜಿಗೆ ಬಿಗಿದು ಪೈಪನ್ನು ಕಚ್ಚಿ ಹಿಡಿಯುವ ಇಕ್ಕಳ, ಕೊಳ್ಳಿ ಮಾರಾಯರೇ. ಅಲುಗಾಡುವ ಪೈಪನ್ನು ಯಾವ ಯಂತ್ರವೂ ನೆಟ್ಟಗೆ ಕತ್ತರಿಸದು. ಜೊತೆಗೊಂದು ಹ್ಯಾಕ್‌ಸಾ, ಲೋಹ ಕೊಯ್ಯುವ ಕೈಗರಗಸ. ತೆಳು ಪೈಪಿಗೆ ಇಂಚಿಗೆ 32 ಹಲ್ಲಿನ ಬ್ಲೇಡು, ದಪ್ಪ ಸರಳಿಗೆ 18. ಲೋಹದ ದಪ್ಪದಲ್ಲಿ ಏಕಕಾಲಕ್ಕೆ ಮೂರು ಹಲ್ಲಾದರೂ ಕೂರಬೇಕು. ಇಲ್ಲವಾದರೆ ಸಿಕ್ಕಿಕೊಂಡು ಮುರಿಯುತ್ತವೆ. ಹಲ್ಲಿನ ಮುಖ ಮುಂದಕ್ಕಿರಲಿ. ಕಲಿಯುವ ಕಾಲದಲ್ಲಿ ನಾನು ಬ್ಲೇಡನ್ನು ಹಿಂದುಮುಂದಾಗಿ ಹಾಕಿ ಒಂದೇ ಸರಳಿನ ಮೇಲೆ ಅರ್ಧ ಗಂಟೆ ಬೆವರು ಸುರಿಸಿದ್ದೇನೆ. ಪಕ್ಕದಲ್ಲಿ ನಿಂತವರು ನೋಡಿಯೂ ಹೇಳಲಿಲ್ಲ.

ಕೈ ಸೋತ ಮೇಲೆ ನಾಲ್ಕು ಇಂಚಿನ ಗ್ರೈಂಡರ್ ತನ್ನಿ, ಒಂದು ಮಿಲಿಮೀಟರ್ ದಪ್ಪದ ಡಿಸ್ಕಿನೊಂದಿಗೆ. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ದಿನಾಂಕವನ್ನೂ ಹುಡುಕಿ. ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಡಿಸ್ಕಿನ ಅಂಟು ದುರ್ಬಲವಾಗುತ್ತದೆ, ಬಿಗಿ ಡಬ್ಬಿಯಲ್ಲಿಡಿ. ಡಿಸ್ಕನ್ನು ಮುಚ್ಚುವ ಗಾರ್ಡ್ ಬಿಚ್ಚಬೇಡಿ, ಕಣ್ಣು ಕಾಯುವ ಕನ್ನಡಕ ಮರೆಯಬೇಡಿ. ಶೆಡ್ಡಿನಲ್ಲಿ ತೆಂಗಿನ ಮಡಲು, ಸಿಪ್ಪೆಯ ರಾಶಿ ಇದ್ದರೆ ಮೊದಲು ಹೊರಗೆ ಸಾಗಿಸಿ. ಕಿಡಿ ಬೀಳುವುದು ಕೆಲಸದ ನಡುವೆ. ಹೊಗೆ ಏಳುವುದು ನೀವು ಊಟಕ್ಕೆ ಕುಳಿತ ಮೇಲೆ.

ಚಾಪ್ ಸಾ? ಗೇಟು ಮಾಡಲು ಹೊರಟ ದಿನ ಮತ್ತೆ ಬರೆಯಿರಿ.