ಬಾಟಲಿಯಲ್ಲಿಟ್ಟ ದೊಡ್ಡ ಜೇಡ ಐದು ದಿನದಿಂದ ಏನೂ ತಿನ್ನುತ್ತಿಲ್ಲ: ಪ್ರತಿಕ್ರಿಯೆ

ಅದಕ್ಕೆ ಕಾಯಿಲೆಯಲ್ಲ, ಮೊಟ್ಟೆ ಕಾಯುತ್ತಿರಬೇಕು. ಹೊಟ್ಟೆಯಡಿ ಬಿಳಿ ಬಿಲ್ಲೆ ಇದೆ ಎಂದಿದ್ದೀರಲ್ಲ, ಅದೇ ಮೊಟ್ಟೆಚೀಲ. ಅದನ್ನು ಅವುಚಿಕೊಂಡಿರುವಷ್ಟು ದಿನ ತಾಯಿ ಸಾಮಾನ್ಯವಾಗಿ ಬೇಟೆಯಾಡುವುದಿಲ್ಲ.

ಬಾಳೆಗೊನೆಯಲ್ಲಿ ಸಿಕ್ಕಿತೆಂದು, ವಿಷಕ್ಕೆ ಹೆಸರಾದ ಬ್ರೆಜಿಲಿಯನ್ ವಾಂಡರಿಂಗ್ ಸ್ಪೈಡರ್ ಇರಬಹುದೇ ಎಂದು ಕೇಳಿದ್ದೀರಿ. ಆ ಜೇಡಗಳ (ವೈಜ್ಞಾನಿಕ ಹೆಸರು ಫೋನ್ಯೂಟ್ರಿಯಾ) ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕ. ಸೋಮವಾರಪೇಟೆಯ ತೋಟದ ಗೊನೆಯಲ್ಲಿ ಅದಕ್ಕೇನು ಕೆಲಸ? ನಿಮ್ಮದು ಬಲೆ ನೇಯದೆ ಓಡಿ ಬೇಟೆಯಾಡುವ ಹಂಟ್ಸ್‌ಮನ್ ಜೇಡ ಅನ್ನಿಸುತ್ತದೆ. ಫೋಟೋದಲ್ಲಿ ಕಣ್ಣು ಕಾಣದ್ದರಿಂದ ಖಚಿತವಾಗಿ ಹೇಳಲಾರೆ. ಗಾಜಿನ ಹೊರಗಿನಿಂದಲೇ ಟಾರ್ಚ್ ಹಿಡಿದು ನೋಡಿ: ನಾಲ್ಕು ನಾಲ್ಕರಂತೆ ಎರಡು ಸಾಲು ಕಣ್ಣು, ಅದರ ಕೆಳಗೆ ಕೆನೆಬಣ್ಣದ ಅಡ್ಡಪಟ್ಟಿ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲು ಇದ್ದರೆ ಅದೇ. ಕಣ್ಣು ಎರಡು, ನಾಲ್ಕು, ಎರಡರಂತೆ ಮೂರು ಸಾಲಿದ್ದರೆ ಪಶ್ಚಿಮಘಟ್ಟದ್ದೇ ಆದ ಅಲೆಮಾರಿ ಜೇಡವಿರಬಹುದು.

ಮೊದಲು ಅದಕ್ಕೆ ತಿನ್ನಲೆಂದು ಬಾಟಲಿಯೊಳಗೆ ಹಾಕಿದ ಜೀವಂತ ಜಿರಳೆಯನ್ನು ತೆಗೆಯಿರಿ. ಉದ್ದನೆಯ ಚಿಮುಟ ಬಳಸಿ, ಬೆರಳು ಹಾಕಬೇಡಿ. ಮೊಟ್ಟೆಯಿರುವ ತಾಯಿ ಕಚ್ಚಿದರೆ ಚೆನ್ನಾಗಿಯೇ ನೋಯುತ್ತದೆ. ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಒದ್ದೆ ಹತ್ತಿಯ ಉಂಡೆ ಇಡಿ. ಪದೇ ಪದೇ ಅಲುಗಾಡಿಸಿದರೆ ಚೀಲ ಬಿಟ್ಟುಬಿಡಬಹುದು, ದಯವಿಟ್ಟು ಬೇಡ.

ಇವತ್ತೇ ಕತ್ತಲಾದ ಮೇಲೆ ಬಾಟಲಿಯನ್ನು ಸೌದೆಕೊಟ್ಟಿಗೆಯ ಗೋಡೆಗೆ ಒರಗಿಸಿ, ಮುಚ್ಚಳ ತೆಗೆದು ಬಂದುಬಿಡಿ. ನಮ್ಮ ಕೊಟ್ಟಿಗೆಯಲ್ಲಿ ಹೀಗೆ ಬಿಟ್ಟದ್ದು ತೊಲೆಯ ಸಂದಿ ಸೇರಿ, ನಾಣ್ಯದಂಥ ಆ ಚೀಲವನ್ನು ಬಾಯಿಬಳಿಯ ಗಿಡ್ಡ ಕೈಗಳಲ್ಲಿ ಹಿಡಿದು ಕೂತಿತ್ತು. ಗಮನಿಸಲು ಅದೇ ಒಳ್ಳೆಯ ಜಾಗ.

ಯಾರಿಗಾದರೂ ಕಚ್ಚಿದರೆ ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.